ಪಾರಣೆ ಇಲ್ಲದ ಏಕಾದಶಿ

ಹೊರನಾಡ ಕನ್ನಡಿಗರಾಗಲು ನಮ್ಮ ಮನೆಯವರು ಯಾರೂ ವೀಸಾಕ್ಕೆ ಅರ್ಜಿ ಹಾಕಲಿಲ್ಲ. ಗೋರಂಟ್ಲದಲ್ಲಿ ಕೂತಲ್ಲೇ ಕೂತಿದ್ದೆವು. 1953ರಲ್ಲಿ ಮದ್ರಾಸು ಹೋಗಿ ಆಂಧ್ರ ಬಂತು, 2022ರಲ್ಲಿ ಅನಂತಪುರ ಜಿಲ್ಲೆ ಹೋಗಿ ಶ್ರೀ ಸತ್ಯಸಾಯಿ ಜಿಲ್ಲೆ ಬಂತು. ಬದಲಾದದ್ದು ವಿಳಾಸ ಮಾತ್ರ. ಬೀದಿಯಲ್ಲಿ ತೆಲುಗು, ಅಡುಗೆಮನೆಯಲ್ಲಿ ಕನ್ನಡ. ಎರಡನ್ನೂ ಸಾಕುವುದು ರಾಗಿ. ನಮ್ಮದು ಬರೀ ಮುದ್ದೆ, ಪಕ್ಕದ ಮನೆಯವರದು ಅನ್ನ ಬೆರೆಸಿದ ಸಂಗಟಿ. ಗಡಿ ತಂಟೆ ಇಷ್ಟಕ್ಕೇ ಮುಗಿಯುತ್ತದೆ.

ಇಂಥ ಮನೆಗೆ ಅಮೆರಿಕದಿಂದ ಅಣ್ಣನ ಮಗ ರಜೆಗೆ ಬಂದ. ಅಮ್ಮ ಬೆಳಿಗ್ಗೆ ರಾಗಿ ಗಂಜಿ ಕಾಯಿಸಿ, ಬೆಲ್ಲ ಹಾಕಿ ಮುಂದಿಟ್ಟಳು. ಅವನು ಲೋಟದೊಳಗೆ ಇಣುಕಿ, "ಅಜ್ಜಿ, ನಾನು ಧಾನ್ಯ ಬಿಟ್ಟಿದೀನಿ" ಅಂದ.

"ಸಂಧ್ಯಾವಂದನೆ ಬಿಟ್ಟಿದ್ದು ಗೊತ್ತಿತ್ತು. ಧಾನ್ಯಾನೂ ಬಿಟ್ಯಾ?"

ಭಾರತದ ಕೋರಿಕೆಯ ಮೇರೆಗೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತ್ತು. ಜಗತ್ತೆಲ್ಲ ರಾಗಿಗೆ ಕೈ ಮುಗಿದ ಮೇಲೆ ನಮ್ಮವನು ಅದಕ್ಕೆ ಬೆನ್ನು ತಿರುಗಿಸಿದ್ದ. ಆದರೆ ಬೆಳಿಗ್ಗೆ ಬಿಸಿಬಿಸಿ ಗಂಜಿ ಮಾತ್ರ ಬೇಕೇ ಬೇಕು. ಅಲ್ಲಿಯ ಚಳಿಗೆ ಓಟ್ಸ್ ಕುಡಿದು ಬೆಳೆಸಿಕೊಂಡ ಚಟ.

ಅಮ್ಮ ಹೆದರಲಿಲ್ಲ. ತಿಂಗಳಿಗೆರಡು ಏಕಾದಶಿ ಮಾಡುವವಳಿಗೆ ಇದೇನು ಮಹಾ? ಉಪ್ಪಿಟ್ಟು ಅಂದಳು. ರವೆ ಗೋಧಿಯದು, ಆಗದು. ಅವಲಕ್ಕಿ? ಅದು ಚಪ್ಪಟೆಯಾದ ಅಕ್ಕಿಯೇ, ಆಗದು. ಸಬ್ಬಕ್ಕಿ? ಮರಗೆಣಸಿನಿಂದ ಆದದ್ದು, ಧಾನ್ಯವಲ್ಲ ಎಂದು ಅವನ ಫೋನು ಒಪ್ಪಿತು; ಬರೀ ಪಿಷ್ಟ ಎಂದು ಅವನು ಒಪ್ಪಲಿಲ್ಲ. ಅಮ್ಮನ ಶಾಸ್ತ್ರದಲ್ಲಿ ಅಕ್ಕಿ ಬೇಯಿಸಿದರೆ ಮುಸುರೆ, ಅದನ್ನೇ ಕುಟ್ಟಿ ಅವಲಕ್ಕಿ ಮಾಡಿದರೆ ಫಲಾಹಾರ. ಹಸಿದವನು ನುಸುಳಲು ಅಷ್ಟು ಜಾಗವನ್ನು ಹಿರಿಯರು ಬಿಟ್ಟಿದ್ದರು. ಮೊಮ್ಮಗನ ಶಾಸ್ತ್ರಕ್ಕೆ ಕಿಟಕಿಯೇ ಇರಲಿಲ್ಲ.

ಅವನೇ ಪಟ್ಟಿ ಓದಿದ: ಬಾದಾಮಿ ಪುಡಿ, ಕೊಬ್ಬರಿ ತುರಿ, ಅಗಸೆ ಬೀಜದ ಪುಡಿ, ಮೊಟ್ಟೆ. ಕೊನೆಯ ಪದಾರ್ಥ ಅಮ್ಮನ ಒಂದೇ ನೋಟಕ್ಕೆ ಪಟ್ಟಿಯಿಂದ ಇಳಿದುಹೋಯಿತು. ಅಲ್ಲಿಗೆ ಗಂಜಿಯ ಬೆನ್ನೆಲುಬೂ ಹೋಯಿತು. ರಾಗಿಯಲ್ಲಿ ಪಿಷ್ಟವಿದೆ, ಬಿಸಿನೀರು ಸೋಕಿದರೆ ಹೀರಿ ಉಬ್ಬುತ್ತದೆ, ಗಂಜಿ ತಾನಾಗಿ ಗಟ್ಟಿಯಾಗುತ್ತದೆ. ಬಾದಾಮಿಯಲ್ಲಿರುವುದು ಹೆಚ್ಚಾಗಿ ಎಣ್ಣೆ. ಎಷ್ಟು ಕುದಿಸಿದರೂ ಪುಡಿ ತಳದಲ್ಲಿ, ನೀರು ಮೇಲೆ. ಪಾತ್ರೆಯಲ್ಲಿ ಅವಿಭಕ್ತ ಕುಟುಂಬ ಪಾಲಾಗುವುದನ್ನು ನೋಡಿ ಅಮ್ಮ, "ಒಂದು ಹಿಡಿ ಹುರಿದ ಕಡ್ಲೆಕಾಯಿ ಬೀಜ ಪುಡಿ ಮಾಡಿ ಹಾಕ್ತೀನಿ" ಎಂದು ಡಬ್ಬಿಗೆ ಕೈ ಹಾಕಿದಳು.

"ಅದು ಬೇಳೆ ಜಾತಿ ಅಜ್ಜಿ, ಅದೂ ಇಲ್ಲ."

ಸುಮ್ಮನೆ ಪೇಪರ್ ಓದುತ್ತಿದ್ದ ಅಣ್ಣ ತಲೆಯೆತ್ತಿದ. ಸಸ್ಯಶಾಸ್ತ್ರದ ಪ್ರಕಾರ ಮಗನ ಮಾತು ಸರಿ. ಆದರೆ ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ ಇದು. ಕೆಂಪು ನೆಲಕ್ಕೆ ಕಡ್ಲೆಕಾಯಿ ಬಿತ್ತಿ ಆಕಾಶ ನೋಡುವುದೇ ಇಲ್ಲಿಯ ಬೇಸಾಯ. ಕದಿರಿಯ ಕೃಷಿ ಸಂಶೋಧನಾ ಕೇಂದ್ರ ಹೊರತಂದ ಒಂದು ತಳಿಗೆ ಕದಿರಿ ಲೇಪಾಕ್ಷಿ ಎಂದೇ ಹೆಸರು. ದೇವಸ್ಥಾನದ ಊರುಗಳ ಹೆಸರನ್ನು ಕಡ್ಲೆಕಾಯಿಗೆ ಇಡುವ ಕಡೆ ಅದಕ್ಕೆ ಬಹಿಷ್ಕಾರವೇ? "ನಿನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಬಾದಾಮಿ ಅಲ್ಲ ಕಣೋ" ಎಂದಷ್ಟೇ ಹೇಳಿ ಅಣ್ಣ ಮತ್ತೆ ಪೇಪರಿಗೆ ಮರಳಿದ.

ಕೊನೆಗೆ ಕಾಪಾಡಿದ್ದು ಅಗಸೆ ಬೀಜ. ಬಿಸಿನೀರಿಗೆ ಬಿದ್ದದ್ದೇ ಲೋಳೆ ಬಿಟ್ಟು ಬಾದಾಮಿ, ಕೊಬ್ಬರಿಗಳನ್ನು ಒಂದುಗೂಡಿಸಿತು. ಅಮ್ಮ ಎರಡು ಬಾಳೆಹಣ್ಣು ಕಿವುಚಿದಳು, ಏಲಕ್ಕಿ ಹಾಕಿದಳು. ಮೊಮ್ಮಗ ಆಚೆ ತಿರುಗಿದಾಗ ಬೆಲ್ಲವನ್ನೂ ಹಾಕಿದಳು. ಅವನು ಚಪ್ಪರಿಸಿ, "ನೋಡಿದ್ರಾ, ಹಣ್ಣಿನ ಸಿಹಿಯೇ ಸಾಕು" ಎಂದು ನಮಗೆಲ್ಲ ಪಾಠ ಹೇಳಿದ.

ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಅತ್ತಮ್ಮ ಒಂದು ಚಮಚ ರುಚಿ ನೋಡಿದರು. "ಪೂರ್ಣಂ ಬಾಗುಂದಿ. ಓಳಿಗಲು ಎಪ್ಪುಡು?" ಅಂದರು. ಹೂರಣವೇನೋ ಚೆನ್ನಾಗಿದೆ, ಹೋಳಿಗೆ ತಟ್ಟುವುದು ಯಾವಾಗ ಎಂಬ ಅವರ ಪ್ರಶ್ನೆಗೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಅಮ್ಮನಿಗೆ ಬೇರೆಯೇ ಚಿಂತೆ. "ಏಕಾದಶಿಗೆ ಮಾರನೇ ದಿನ ದ್ವಾದಶಿ ಇದೆ. ನಿನ್ನ ಉಪವಾಸಕ್ಕೆ ಪಾರಣೆ ಯಾವತ್ತೋ?"

"ಇದು ಉಪವಾಸ ಅಲ್ಲ ಅಜ್ಜಿ, ಲೈಫ್‌ಸ್ಟೈಲ್."

"ಅಂದ್ರೆ ಇಲ್ಲ."

ಆ ವಾರವೇ ಏಕಾದಶಿ ಬಂತು, ಹೋಯಿತು. ದ್ವಾದಶಿ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಕಾವಲಿ ಚುಂಯ್‌ಗುಟ್ಟಿತು. ದೋಸೆ, ಜತೆಗೆ ಕಡ್ಲೆಕಾಯಿ ಬೀಜದ ಚಟ್ನಿ. ಜೆಟ್ ಲ್ಯಾಗ್ ನೆಪದಲ್ಲಿ ಎದ್ದು ಬಂದ ಹುಡುಗ ಒಂದು ತಿಂದ, ಇನ್ನೊಂದು ಹಾಕಿಸಿಕೊಂಡ, ಆಮೇಲೆ ಎಣಿಸುವುದನ್ನು ನಾವೇ ಬಿಟ್ಟೆವು. ಬಾಯಿ ಒರೆಸಿಕೊಂಡು, ಯಾರೂ ಕೇಳದಿದ್ದರೂ ಸಮಜಾಯಿಷಿ ಕೊಟ್ಟ: "ಇವತ್ತು ಚೀಟ್ ಡೇ ಅಜ್ಜಿ. ವಾರಕ್ಕೊಂದು ದಿನ ಏನು ಬೇಕಾದರೂ ತಿನ್ನಬಹುದು."

ಅಮ್ಮ ಕಾವಲಿಗೆ ಇನ್ನೊಂದು ಸೌಟು ಹಿಟ್ಟು ಹುಯ್ದಳು. "ನಿಮ್ಮಲ್ಲೂ ದ್ವಾದಶಿ ಇದೆ ಅಂತ ಮೊದಲೇ ಬೊಗಳಬಾರದಿತ್ತೇನೋ? ಬಾದಾಮಿಗೆ ದುಡ್ಡು ದಂಡ."