ಸರ್ವರ್ ಇನ್ನಾ ಎದ್ದಿಲ್ರೀ

ಸೇಡಂ ಕಡೆಯ ಒಂದು ಕಚೇರಿ. ಹೆಸರು ಬೇಡ, ಪಹಣಿಗೆ ನಾಳೆಯೂ ಅಲ್ಲಿಗೇ ಹೋಗಬೇಕು. ಸೋಮವಾರ ಹತ್ತೂವರೆಗೆ ಕಿಟಕಿಯ ಒಳಗಿನಿಂದ ಅಶರೀರವಾಣಿ: ‘ಸರ್ವರ್ ಇನ್ನಾ ಎದ್ದಿಲ್ರೀ.’

ಅದಕ್ಕೇನು ಜ್ವರವೇ? ರಾತ್ರಿ ಕರೆಂಟ್ ಹೋಗಿ ಬಂದಿದೆ, ಅಷ್ಟೆ. ಯಂತ್ರ ಎದ್ದಿದೆ, ಒಳಗಿನ ಲಿನಕ್ಸೂ ಎದ್ದು ಕೂತಿದೆ. ಮಲಗಿರುವುದು ಕೆಲಸ ಮಾಡಬೇಕಾದ ಅಪ್ಲಿಕೇಶನ್ ಮಾತ್ರ. ಅದನ್ನು ಎಬ್ಬಿಸುವ ಮಂತ್ರ ಬಲ್ಲ ಹುಡುಗ ವಾಡಿಯಿಂದ ಬರಬೇಕು. ಅವನ ರೈಲು ಚಿತ್ತಾಪುರದಲ್ಲಿ ನಿಂತಿದೆ. ನಿಜಾಮರ ಕಾಲದಲ್ಲಿ, 1874ರಲ್ಲಿ ಶುರುವಾದ ಹಳಿ ಅದು. ಇವತ್ತಿಗೂ ನಡೆದಿದೆ. ಪುಣ್ಯಕ್ಕೆ ಅದಕ್ಕೆ ಪಾಸ್‌ವರ್ಡ್ ಇಡಲಿಲ್ಲ.

ಶಹಾಬಾದಿ ಫರ್ಸಿಯ ಮೇಲೆ ಚಿಂಚೋಳಿಯ ಯಜಮಾನರೊಬ್ಬರು ಕೂತಿದ್ದರು. ಅವರೂರಿಗೆ ರೈಲಿಲ್ಲ, ಆದರೆ 2023ರಲ್ಲಿ ರಾಜ್ಯಕ್ಕೆಲ್ಲ ಬಂದ ಕಾವೇರಿ 2.0 ತಂತ್ರಾಂಶವನ್ನು ಮೊದಲು ಪ್ರಯೋಗಿಸಿದ್ದು ಚಿಂಚೋಳಿಯ ನೋಂದಣಿ ಕಚೇರಿಯಲ್ಲೇ. ರೈಲಿಗಿಂತ ಮೊದಲು ಸರ್ವರ್ ಕಂಡ ಊರು!

ಸರ್ವರಿನದು ಮದ್ದು ಇಲ್ಲದ ರೋಗವೂ ಅಲ್ಲ. 2010ರಿಂದಲೂ ಸಿಸ್ಟಮ್‌ಡಿ ಎಂಬ ತಳವಾರ ಲಿನಕ್ಸಿನಲ್ಲಿದ್ದಾನೆ. ಹತ್ತು ಸಾಲಿನ ಒಂದು ಸರ್ವಿಸ್ ಫೈಲ್ ಬರೆದಿಟ್ಟು ‘ಎನೇಬಲ್’ ಮಾಡಿದರೆ ಯಂತ್ರ ಎದ್ದಾಗಲೆಲ್ಲ ಅಪ್ಲಿಕೇಶನ್ನನ್ನೂ ಎಬ್ಬಿಸುತ್ತಾನೆ. ‘ರೀಸ್ಟಾರ್ಟ್ ಆಲ್‌ವೇಸ್’ ಎಂದು ಸೇರಿಸಿದರೆ ಬಿದ್ದಾಗಲೂ ಎತ್ತಿ ನಿಲ್ಲಿಸುತ್ತಾನೆ. ಹತ್ತು ಸೆಕೆಂಡಿನಲ್ಲಿ ಐದು ಸಲ ಬಿದ್ದರೆ ಮಾತ್ರ ಕೈಚೆಲ್ಲುತ್ತಾನೆ. ಯಜಮಾನರು ಬಂದು ಹೋಗುತ್ತಿರುವುದು ಇದು ಆರನೇ ಸಲ.

ತೊಡಕಿರುವುದು ಅವನಿಗೆ ಕೊಡುವ ಎರಡು ಆಜ್ಞೆಗಳಲ್ಲಿ. ‘ಸ್ಟಾರ್ಟ್’ ಅಂದರೆ ಈಗ ಏಳು. ‘ಎನೇಬಲ್’ ಅಂದರೆ ಇನ್ನು ಮುಂದೆ ನೀನೇ ಏಳು. ಸ್ಟಾರ್ಟಿಗೆ ನಮ್ಮಲ್ಲಿ ರಿಬ್ಬನ್ನುಂಟು, ಹಾರವುಂಟು, ಫೋಟೊ ಉಂಟು. ಎನೇಬಲ್ಲಿಗೆ ಯಾವ ಸಾಹೇಬರು ಬಂದಾರು?

ಸಿಮೆಂಟ್ ಕಾರ್ಖಾನೆಯವರನ್ನಾದರೂ ಕೇಳಬಹುದಿತ್ತು, ಪಕ್ಕದಲ್ಲೇ ಇದ್ದಾರೆ. ಕರೆಂಟ್ ಹೋದರೆ ಕಿಲ್ನ್ ಎಂಬ ಕಾದ ಕುಲುಮೆ ನಿಂತಲ್ಲೇ ಬಾಗುತ್ತದೆಂದು, ಅದನ್ನು ಮೆಲ್ಲಗೆ ತಿರುಗಿಸುತ್ತಲೇ ಇರಲು ಬೇರೆ ಎಂಜಿನ್ ಇಟ್ಟುಕೊಂಡಿರುತ್ತಾರೆ. ಕಬ್ಬಿಣ ಬಾಗಿದರೆ ನಷ್ಟ. ಕಿಟಕಿಯೆದುರು ಜನ ಬಾಗಿದರೆ ಪದ್ಧತಿ.

ಒಂದೂಕಾಲಿಗೆ ಹುಡುಗ ಬಂದ. ಒಂದು ಸಾಲು ಕುಟ್ಟಿದ. ಸರ್ವರ್ ಎದ್ದಿತು, ಗುಮಾಸ್ತರು ಊಟಕ್ಕೆದ್ದರು.

‘ಎನೇಬಲ್ ಮಾಡಿದೇನೋ ತಮ್ಮಾ?’ ಎಂದೆ.

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ: ‘ಮಾಡಿದ್ರ ನಾಳಿ ನನ್ನ ಯಾರ್ ಕರೀತಾರ್ರೀ?’