ಪಾಸ್ ಅಂದವನ ಪಾಲುದಾರ

ಬ್ರಿಜ್ ಆಟಕ್ಕೆ ನಾಲ್ಕು ದಿಕ್ಕು ಬೇಕು. ನಮ್ಮ ಮೇಜಿಗೆ ನಾಲ್ಕು ಊರು ಸಿಕ್ಕಿವೆ. ಉತ್ತರಕ್ಕೆ ಬೆಟಗೇರಿಯ ನಾನು, ಎದುರಿಗೆ ದಕ್ಷಿಣದಲ್ಲಿ ನನ್ನ ಪಾಲುದಾರರಾದ ಮುಂಡರಗಿಯ ವಕೀಲರು. ಪೂರ್ವಕ್ಕೆ ಲಕ್ಷ್ಮೇಶ್ವರದ ದಲಾಲಿ ಅಂಗಡಿ ಸಾಹುಕಾರರು, ಪಶ್ಚಿಮಕ್ಕೆ ಶಿರಹಟ್ಟಿಯ ನಿವೃತ್ತ ಮಾಸ್ತರು. ಒಂದು ಕಾಲಕ್ಕೆ ಗದಗ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿತ್ತು, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಸ್ವಾತಂತ್ರ್ಯ ಬಂದು ಸಂಸ್ಥಾನಗಳು ವಿಲೀನವಾದವು, 1997ರಲ್ಲಿ ಗದಗ ಜಿಲ್ಲೆಯೂ ಆಯಿತು. ನಮ್ಮ ಮೇಜಿನ ಮೇಲೆ ಮಾತ್ರ ವಿಲೀನ ಇನ್ನೂ ಬಾಕಿ ಇದೆ.

ಇಸ್ಪೀಟು ಅಂದರೆ ಮನೆಯವರ ಕಣ್ಣಿಗೆ ಪೊಲೀಸ್ ಜೀಪೇ ಕಾಣುತ್ತದೆ. ವಕೀಲರು ಅದಕ್ಕೆ ಉತ್ತರ ಇಟ್ಟುಕೊಂಡಿದ್ದಾರೆ. ರಮ್ಮಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟು 1967ರಲ್ಲೇ ಹೇಳಿತು, ಹೇಳುವಾಗ ಹೋಲಿಕೆಗೆ ಬ್ರಿಜ್ಜನ್ನೇ ಕರೆಯಿತು ಅನ್ನುತ್ತಾರೆ. ಅದೂ ಸಾಲದಿದ್ದರೆ 2018ರ ಏಷ್ಯನ್ ಕ್ರೀಡಾಕೂಟ ತೆಗೆಯುತ್ತಾರೆ. ಜಕಾರ್ತಾದಲ್ಲಿ ಪ್ರಣಬ್ ಬರ್ಧನ್ ಬಂಗಾರದ ಪದಕ ಗೆದ್ದಾಗ ಅವರಿಗೆ 60 ವರ್ಷ. “ನಮಗ ಇನ್ನೂ ಅವಕಾಶ ಐತ್ರೀ” ಎಂದು ವಕೀಲರು ಮೊಣಕಾಲು ಹಿಡಿದುಕೊಂಡು ಏಳುತ್ತಾರೆ.

ಈ ಆಟದಲ್ಲಿ ಎಲೆ ಒಗೆಯುವ ಮೊದಲು ಸವಾಲು ನಡೆಯುತ್ತದೆ. ಸವಾಲು ಅಂದಕೂಡಲೇ ಸಾಹುಕಾರರು ಎದೆ ಉಬ್ಬಿಸುತ್ತಾರೆ. “ನಮ್ಮ ಎಪಿಎಂಸಿಯೊಳಗ ಸುಮ್ಮನಾದವಗ ಮಾಲೂ ಇಲ್ಲ, ಮಾತೂ ಇಲ್ಲ” ಅನ್ನುವುದು ಅವರ ಸಿದ್ಧಾಂತ. ಆ ಸಿದ್ಧಾಂತಕ್ಕೆ ತೂತು ಹೊಡೆದದ್ದು ಫೋರ್ಸಿಂಗ್ ಪಾಸ್.

ಸಂಗತಿ ಇಷ್ಟು. ವಕೀಲರು ಒಂದು ಇಸ್ಪೀಟು ಕೂಗಿದರು, ನಾನು ಬಲವಾಗಿ ಬೆಂಬಲಿಸಿದೆ, ನಾಲ್ಕು ಇಸ್ಪೀಟಿಗೆ ಹೋಗಿ ನಿಂತೆವು. ಗೆದ್ದರೆ ನಮಗೆ 620 ಅಂಕ, ಯಾಕಂದರೆ ನಾವು ವಲ್ನರಬಲ್, ಅಂದರೆ ಈ ಸಲ ನಮಗೆ ಲಾಭವೂ ದಂಡವೂ ಹೆಚ್ಚು. ಅವರು ಅಲ್ಲ. ಆಗ ಸಾಹುಕಾರರು “ಐದು ಡೈಮಂಡ್” ಅನ್ನುತ್ತಾರೆ. ಗೆಲ್ಲುವ ಆಸೆ ಅವರಿಗೂ ಇಲ್ಲ. ಮೂರು ಟ್ರಿಕ್ಕು ಕಡಿಮೆ ಬಿದ್ದು, ಮೇಲೆ ನಾವು ದಂಡ ಹೆಚ್ಚಿಸುವ ‘ಡಬಲ್’ ಹೇಳಿದರೂ ಅವರು ತೆರುವುದು 500. ಅಂದರೆ 120 ಉಳಿತಾಯ; ಪಕ್ಕಾ ದಲಾಲಿ ಲೆಕ್ಕ. ಡಬಲ್ ಹೇಳದೆ ಬಿಟ್ಟರಂತೂ ಬರೀ 150ಕ್ಕೆ ಪಾರು. 620 ಬರುವಲ್ಲಿ 150 ಇಸಗೊಂಡು ಎದ್ದು ಹೋಗಲು ನಾವೇನು ದಾನಶೂರ ಕರ್ಣರೇ? ಆದ್ದರಿಂದ ಈಗ ವಕೀಲರು ‘ಪಾಸ್’ ಅಂದರೆ ಬಿಟ್ಟುಕೊಟ್ಟರು ಅಂತಲ್ಲ; “ನನ್ನ ಕೈಯಿಂದ ಹೇಳಾಕ ಬರವಲ್ದು, ನೀವ ತೀರ್ಮಾನ ಮಾಡ್ರಿ” ಅಂತ. ನಾನು ಡಬಲ್ ಹೇಳಬೇಕು, ಇಲ್ಲವೇ ಐದು ಇಸ್ಪೀಟಿಗೆ ಏರಬೇಕು. ನಾನೂ ಪಾಸ್ ಅನ್ನುವ ಹಾಗಿಲ್ಲ. ಸುಮ್ಮನಿದ್ದ ಪುಣ್ಯ ಅವರಿಗೆ, ತಪ್ಪಿದರೆ ಪಾಪ ನನಗೆ.

ಈ ಪಾಸನ್ನು ಎಲ್ಲ ಪಾಸಿನ ಹಾಗೆಯೇ, ಒಂದೇ ದನಿಯಲ್ಲಿ, ಒಂದೇ ವೇಗದಲ್ಲಿ ಹೇಳಬೇಕು ಅನ್ನುವುದು ನಿಯಮ. ತಡಮಾಡಿ ಹೇಳಿದರೆ ಆ ತಡದಿಂದ ಪಾಲುದಾರ ಲಾಭ ಪಡೆಯಬಾರದು. ಇದಕ್ಕೇ ದೊಡ್ಡ ಪಂದ್ಯಗಳಲ್ಲಿ ಬಾಯಿ ಬಿಡದೆ ಹಸಿರು ಚೀಟಿ ಇಡುತ್ತಾರೆ. ನಮ್ಮಲ್ಲಿ ಚೀಟಿ ಇಲ್ಲ, ಬಾಯಿಗೆ ಬರವಿಲ್ಲ. ವಕೀಲರು ಕನ್ನಡಕ ತೆಗೆದು, ಒರೆಸಿ, ನನ್ನನ್ನು ಪಾಟೀಸವಾಲಿಗೆ ನಿಂತ ಸಾಕ್ಷಿಯಂತೆ ನೋಡಿ “ಪಾ...ಸ್” ಅನ್ನುತ್ತಾರೆ. “ವಕೀಲರ, ಇದು ದೀರ್ಘ ಅಲ್ಲ, ಪ್ಲುತ! ನಡೆಯಂಗಿಲ್ಲ” ಎಂದು ಮಾಸ್ತರು ತಕರಾರು ತೆಗೆಯುತ್ತಾರೆ. ವ್ಯಾಕರಣ ಇತ್ಯರ್ಥವಾಗುವಷ್ಟರಲ್ಲಿ ಚಹಾ ಆರಿರುತ್ತದೆ.

ಪೋಲೆಂಡಿನ ಆಟಗಾರರು ಇನ್ನೂ ಮುಂದೆ ಹೋಗಿದ್ದರು. ಅವರ ಒಂದು ಪದ್ಧತಿಯಲ್ಲಿ ಕೈ ತುಂಬ ರಾಜ-ರಾಣಿ ಇದ್ದವನು ಮೊದಲಿಗೆ ಪಾಸ್ ಅನ್ನಬೇಕು. ಏನೂ ಇಲ್ಲದವನು ಏನಾದರೂ ಕೂಗಲೇಬೇಕು. ಎದುರಾಳಿಗಳ ತಲೆ ಕೆಟ್ಟು, ವಿಶ್ವ ಬ್ರಿಜ್ ಒಕ್ಕೂಟ ಇಂಥವನ್ನು ಕೆಲವೇ ದೊಡ್ಡ ಪಂದ್ಯಗಳಿಗೆ ಸೀಮಿತಗೊಳಿಸಿತು. “ಇದನ್ನ ಕಂಡುಹಿಡಿಯಾಕ ಪೋಲೆಂಡ್ ಯಾಕ ಬೇಕಿತ್ತ್ರೀ? ನಮ್ಮೂರ ಯಾವ ಮೀಟಿಂಗಿಗೆ ಬಂದಿದ್ರೂ ಸಿಗತಿತ್ತು” ಅನ್ನುವುದು ಮಾಸ್ತರ ಅಭಿಪ್ರಾಯ.

ಗದುಗಿನ ವೀರನಾರಾಯಣನ ಗುಡಿಯಲ್ಲಿ ಭಾರತ ಬರೆದ ಕುಮಾರವ್ಯಾಸನ ನೆರಳಲ್ಲಿ ಇರುವವರು ನಾವು. ಜೂಜಿನ ಮಾತು ಬಂದರೆ ಹಸ್ತಿನಾವತಿಗೆ ಹೋಗದೆ ಇರಲಾರೆವು. ಧರ್ಮರಾಯನಿಗೆ ಪಾಸ್ ಅನ್ನಲು ಬರಲಿಲ್ಲ, ಅದೊಂದು ಕಥೆ. ಅದಕ್ಕಿಂತ ದೊಡ್ಡ ಕಥೆ ದ್ರೌಪದಿ ಪ್ರಶ್ನೆ ಕೇಳಿದ ಮೇಲಿನದು. ಭೀಷ್ಮರು ಧರ್ಮ ಸೂಕ್ಷ್ಮ ಎಂದು ಜಾರಿಕೊಂಡರು. ಅದು ಫೋರ್ಸಿಂಗ್ ಪಾಸೇ. ಎದುರಿಗಿದ್ದವರು ಯಾರಾದರೂ ಏಳಲೇಬೇಕಿತ್ತು. ದ್ರೋಣರು ಪಾಸ್. ಕೃಪರು ಪಾಸ್. ಮೂರು ಪಾಸ್ ಸಾಲಾಗಿ ಬಿದ್ದರೆ ಸವಾಲು ಮುಗಿಯಿತು ಅನ್ನುವುದು ಬ್ರಿಜ್ಜಿನ ಕಾಯಿದೆ. ಆಮೇಲೆ ಎದ್ದು ಡಬಲ್ ಹೇಳಿದವನು ವಿಕರ್ಣನೊಬ್ಬ. ಸಣ್ಣ ಹುಡುಗ, ನಿನಗೇನು ತಿಳಿಯುತ್ತದೆ ಎಂದು ಕರ್ಣ ಅವನನ್ನು ಕೂಡಿಸಿಬಿಟ್ಟ.

ಇದನ್ನು ಹೇಳಿದಾಗ ವಕೀಲರು ಬಹಳ ಹೊತ್ತು ಯೋಚಿಸಿದರು. “ಭೀಷ್ಮರದೇನೂ ತಪ್ಪಿಲ್ಲ ಬಿಡ್ರಿ. ಅವರು ಸರಿಯಾಗೇ ಪಾಸ್ ಹೇಳಿದ್ರು. ಪಾಲುದಾರರು ಸರಿ ಇರಲಿಲ್ಲ” ಎಂದು ನನ್ನ ಕಡೆ ನೋಡಿದರು.