ಕಪ್ಪು ಗಾಜಿನ ವಕಾಲತ್ತು

ನಾಟಕದ ಗುಬ್ಬಿ ವೀರಣ್ಣನವರ ಊರಿನಲ್ಲಿ ಪರದೆ ಎಳೆದುಕೊಂಡೇ ಓಡುವ ಕಾರಿನ ಮಾಲೀಕರು ದಂಡ ಬಿದ್ದಾಗ ಹೂಡುವ ಮೊದಲ ವಾದ: ‘ಬಿಸಿಲು ಸ್ವಾಮಿ, ಏನ್ ಮಾಡೋದು?’ ಒಪ್ಪೋಣ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದಿನ, ಹಿಂದಿನ ಗಾಜಿನಲ್ಲಿ ಶೇ. 70, ಪಕ್ಕದ್ದರಲ್ಲಿ ಶೇ. 50 ಬೆಳಕು ಹಾಯ್ದರೆ ಸಾಕು. ಪಕ್ಕದ ಅರ್ಧ ಬೆಳಕನ್ನು ಕಾನೂನೇ ಬಿಟ್ಟುಕೊಟ್ಟಿದೆ. ಇವರಿಗೆ ಉಳಿದರ್ಧವೂ ಚುರುಕೆನ್ನುತ್ತದೆ, ಅದೂ ರಾತ್ರಿ ಹತ್ತರ ಮೇಲೆ!

‘ಫಿಲ್ಮ್ ಅಂಟಿಸೋದೇ ತಪ್ಪಾ?’ 2012ರಲ್ಲಿ ಸುಪ್ರೀಂ ಕೋರ್ಟ್ ತಪ್ಪೆಂದಿತು. ಆ ನಿಯಮಗಳ 2020ರ ತಿದ್ದುಪಡಿಯನ್ನು ನೋಡಿ, ಮಿತಿಯೊಳಗಿದ್ದರೆ ಸರಿ ಎಂದು 2024ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ಹಾಗಾಗಿ ಅಳೆಯದೆ, ಕಣ್ಣಂದಾಜಿನಲ್ಲೇ ರಸೀದಿ ಹರಿದರೆ ಪೊಲೀಸರನ್ನೂ ಪ್ರಶ್ನಿಸಬಹುದು. ‘ಝಡ್ ಪ್ಲಸ್ ಭದ್ರತೆಯವರಿಗೆ ವಿನಾಯಿತಿ ಇದೆಯಲ್ಲ?’ ಇದೆ, ಅವರಿಗೆ ಜೀವಭಯ. ನಿಮಗೆ ಯಾರ ಭಯ ಸ್ವಾಮಿ? ‘ಪೊಲೀಸರದ್ದೇ!’